ಗೋಡೆಯ ಮೇಲೊಂದು ‘ಪಾ’

ಬೆಳಿಗ್ಗೆ ಟೈಲರ್ ಉಜ್ಜನಪ್ಪ ಬಾಗಿಲು ತೆಗೆದು ನೋಡಿದರೆ, ಶಿವಮೊಗ್ಗದ ಕೋಟೆ ಬೀದಿಯ ಅವನ ಹಳೇ ಮನೆಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ‘ಪಾ’ ಎಂದು ಬರೆದಿತ್ತು. ಹಳೇ ಊರನ್ನು ಉಳಿಸುವ ಯೋಜನೆಯವರು ಹಿಂದಿನ ಸಂಜೆ ಸರ್ವೆಗೆ ಬಂದಿದ್ದರು. ಬರೆದದ್ದು ಒಂದೇ ಅಕ್ಷರ. ಅರ್ಥ ಹೇಳಲು ಬೀದಿಗೆ ಬೀದಿಯೇ ಸೇರಿತು.

“ಪಾ ಅಂದ್ರೆ ಪಾಳು ಮಾರಾಯ. ಪಾಳುಬಿದ್ದ ಮನೆ. ನಾಳೆನೇ ಜೆಸಿಬಿ ಬಂದ್ರೂ ಬಂತು,” ಎಂದರು ಎದುರುಮನೆಯ ವಿಷ್ಣುಪ್ರಸಾದರು. ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದವರು. ಗೊತ್ತಿಲ್ಲ ಎಂಬ ಪದವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕಲಿಸಿದ್ದರು.

ಉಜ್ಜನಪ್ಪ ತನ್ನ ಮನೆಯ ಕಿಟಕಿಯ ಕಡೆ ತಿರುಗಿದ. ಹೆಂಡತಿ ದಾಕ್ಷಾಯಣಿ ಲಕ್ವ ಹೊಡೆದು ನಾಲ್ಕು ವರ್ಷದಿಂದ ಒಳಗೆ ಮಲಗಿದ್ದಳು. ಕಿಟಕಿಯಿಂದ ಬೀದಿ ನೋಡುವುದೊಂದೇ ಅವಳಿಗೆ ಉಳಿದ ಸುಖ. ಅವಳನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು?

“ಅಳಿಸಿಬಿಡ್ಲಾ ಮೇಷ್ಟ್ರೇ?”

“ಅಳಿಸಿದ್ರೆ ಕೇಸ್ ಹಾಕ್ತಾರೆ. ಮುಂದಕ್ಕೆ ‘ರಂಪರಿಕ’ ಅಂತ ಸೇರಿಸು. ಪಾರಂಪರಿಕ ಮನೇನ ಯಾರೂ ಕೆಡವೋ ಹಾಗಿಲ್ಲ!”

ಉಜ್ಜನಪ್ಪ ಬಣ್ಣ ತಂದು ಸ್ಟೂಲು ಹತ್ತಿದ. ಮೊದಲು ‘ಪಾರಂಪಾರಿಕ’ ಎಂದು ಬರೆದು ಬೈಸಿಕೊಂಡ. ತಿದ್ದಲು ಹೋಗಿ ಸ್ಟೂಲು ಜಾರಿ, ಮೈಯೆಲ್ಲ ಕೆಂಪಾಗಿ ಕೊಲೆಗಾರನ ಹಾಗೆ ನಿಂತ. ಆದರೂ ಕೊನೆಗೆ ‘ಪಾರಂಪರಿಕ’ ದುಂಡಗೆ ಬಂದಿತ್ತು.

ಮಧ್ಯಾಹ್ನ ಎಂಜಿನಿಯರ್ ಸುಶ್ಮಿತಾ ಜೊತೆ ಯೋಜನೆಯ ದೊಡ್ಡ ಸಾಹೇಬರೇ ಬಂದರು. ಗೋಡೆ ನೋಡಿ ಖುಷಿಯಾಗಿ, ಫೋಟೋ ಹೊಡೆದು ಅಲ್ಲೇ ಬೆಂಗಳೂರಿಗೆ ಕಳಿಸಿದರು.

“ಪಟ್ಟಿಗೆ ಸೇರಿಸಿದೀನಿ. ಇನ್ನು ಈ ಮನೇನ ಯಾರೂ ಮುಟ್ಟಲ್ಲ ಕಣ್ರೀ.”

ಉಜ್ಜನಪ್ಪ ಕೈಮುಗಿದ.

“ಒಂದು ವಾರದಲ್ಲಿ ಖಾಲಿ ಮಾಡಿ. ಪಾರಂಪರಿಕ ಮನೇಲಿ ಜನ ವಾಸ ಇರೋ ಹಾಗಿಲ್ಲ. ಭದ್ರಾವತೀಲಿ ಮೂರನೇ ಮಹಡೀಲಿ ಒಂದು ರೂಮು ಕೊಡ್ತೀವಿ.”

ಮುಗಿದ ಕೈ ಬಿಚ್ಚಲೇ ಇಲ್ಲ. “ಸಾರ್, ಹಾಗಾದ್ರೆ ಪಾಳು ಅಂತಾನೇ ಇರ್ಲಿ. ಜೆಸಿಬಿ ಬರೋ ತನಕನಾದ್ರೂ ಇರ್ತೀವಿ.”

“ಪಾಳು ಅಂತ ಯಾರ್ರೀ ಹೇಳಿದ್ದು?” ಪಕ್ಕದ ಮನೆ ನೋಡಿಕೊಂಡು ಆಗಷ್ಟೇ ಬಂದ ಸುಶ್ಮಿತಾ ಬೆಚ್ಚಿದಳು. “ಪಾ ಅಂದ್ರೆ ಪಾಸು! ಮನೆ ಗಟ್ಟಿ ಇದೆ, ಯೋಜನೆಗೆ ಬೇಡ, ಇವರ ಪಾಡಿಗೆ ಇವರನ್ನ ಬಿಡಿ ಅಂತ ನಾನೇ ಬರೆದಿದ್ದು.”

ಸಾಹೇಬರು ಆಗಲೇ ಜೀಪು ಹತ್ತಿದ್ದರು. ಮೇಷ್ಟ್ರು ತಮ್ಮ ಮನೆಯ ಬಾಗಿಲು ಹಾಕಿಕೊಂಡರು.

ಉಜ್ಜನಪ್ಪ ಒಳಗೆ ಬಂದ. ಏನಾಯಿತು ಎಂದು ದಾಕ್ಷಾಯಣಿ ಕಣ್ಣಲ್ಲೇ ಕೇಳಿದಳು.

“ಮನೆ ಉಳೀತು ಕಣೆ,” ಎಂದ.

ಅವಳು ಅರ್ಧ ಬಾಯಲ್ಲಿ ನಕ್ಕಳು. ಉಳಿದದ್ದನ್ನು ಹೇಳಲು ಅವನಿಗೆ ಇನ್ನೂ ಒಂದು ವಾರವಿತ್ತು.