ಫ್ರಿಜ್ ಕವರಿನ ಮಹಾಸಂಗ್ರಾಮ

ಸಕಲ ಸಂಸಾರಗಳ ಸಮಸ್ತ ಸಾಮಾನುಗಳ ಮೇಲೆ ಸಮಭಾವದಿಂದ ಇಳಿದು ಕೂರುವ ಧೂಳೇ, ಬಡವನ ಟ್ರಂಕಿಗೂ ಸಿರಿವಂತನ ಗಾಜಿನ ಮೇಜಿಗೂ ಭೇದವೆಣಿಸದ ಸೂಕ್ಷ್ಮರೂಪಿಣಿಯೇ, ಬೆಳಗ್ಗೆ ಒರೆಸಿದರೆ ಸಂಜೆಗೆ ಮರುಹುಟ್ಟು ಪಡೆಯುವ ಅಜರಾಮರೆಯೇ, ಮೊದಲ ವಂದನೆ ನಿನಗೆ. ನಿನ್ನನ್ನು ತಡೆಯಲೆಂದೇ ಈ ಭೂಮಂಡಲದಲ್ಲಿ ಹೊದಿಕೆಗಳು ಹುಟ್ಟಿದವು. ಹೊದಿಕೆಗಳನ್ನು ಹೊಲಿಯಲೆಂದೇ ಒಬ್ಬ ವೀರನಾರಿ ಹುಟ್ಟಿದಳು. ಅವನ್ನು ಕಿತ್ತು ಬಿಸುಡಲೆಂದು ಒಬ್ಬ ವೀರನು ಹುಟ್ಟಿದನು. ವಿಧಿಯು ಸುಮ್ಮನಿರದೆ ಅವರಿಬ್ಬರಿಗೂ ಮದುವೆ ಮಾಡಿಸಿತು.

ಅದು ಯಾವ ಯುಗ? ಒಂದನ್ನು ಕೊಂಡರೆ ಇನ್ನೊಂದು ಪುಕ್ಕಟೆಯಾಗಿ ಬೆನ್ನು ಹತ್ತಿ ಬರುತ್ತಿದ್ದ ಯುಗ. ಮದುವೆ, ಗೃಹಪ್ರವೇಶ, ನಿವೃತ್ತಿ ಸಮಾರಂಭಗಳಲ್ಲಿ ಗೋಡೆ ಗಡಿಯಾರಗಳೂ ಉಕ್ಕಿನ ಡಬ್ಬಿಗಳೂ ಪ್ಲಾಸ್ಟಿಕ್ ಹೂಗುಚ್ಛಗಳೂ ಕೈಯಿಂದ ಕೈಗೆ ದಾಟಿ, ಕಾಗದದ ಸುತ್ತು ಬಿಚ್ಚಿಸಿಕೊಳ್ಳದೆಯೇ ಊರೂರು ಸುತ್ತಿ, ಕಡೆಗೆ ಯಾರದೋ ಶೋಕೇಸಿನಲ್ಲಿ ಮೋಕ್ಷ ಕಾಣುತ್ತಿದ್ದ ಯುಗ. ಅಂಥ ಕಾಲದಲ್ಲಿ ಧಾರವಾಡದ ಸಪ್ತಾಪುರದಲ್ಲಿ, ವರ್ಣಕುಂಚಧರನೂ, ಬಾಲಿಕಾಪ್ರೌಢಶಾಲಾ ಚಿತ್ರಕಲಾಚಾರ್ಯನೂ, ಸೀಮೆಸುಣ್ಣದ ಒಂದೇ ಗೀರಿನಿಂದ ಕರಿಹಲಗೆಗೆ ಸಮನಾದ ಆನೆಯನ್ನು ನಿಲ್ಲಿಸಬಲ್ಲ ಏಕರೇಖಾವಿಶಾರದನೂ ಆದ ನಿಜಗುಣಪ್ಪ ಬಳಿಗಾರ ಮಾಸ್ತರನು ತನ್ನ ತಾಯಿ ನೀಲವ್ವನೊಡನೆಯೂ ಹೆಂಡತಿ ಕಸ್ತೂರಿಯೊಡನೆಯೂ ಸುಖವಾಗಿದ್ದನು.

ಸುಖವಾಗಿದ್ದನು ಎಂಬುದು ಪುಣೆಗೆ ಹೋಗಿಬರುವವರೆಗಿನ ಮಾತು.

ಚಿತ್ರಕಲಾ ಶಿಕ್ಷಕರ ಶಿಬಿರವೊಂದಕ್ಕೆಂದು ಪುಣೆಗೆ ಹೋದ ವೀರನು ಗೆಳೆಯನೊಬ್ಬನ ಮನೆಯಲ್ಲಿ ಇಳಿದುಕೊಂಡನು. ಗೆಳೆಯನು ಮನೆಗಳ ನಕಾಶೆ ತೆಗೆಯುವವನು. ಅವನ ಅತಿಥಿಗೃಹದಲ್ಲಿ ಬಿಳಿ ಗೋಡೆ, ತಗ್ಗು ಮಂಚ, ಒಂದು ಕುರ್ಚಿ, ಒಂದು ದೀಪ. ಇಷ್ಟು ಬಿಟ್ಟರೆ ಕಿಟಕಿಯಿಂದ ಬಿದ್ದ ಬಿಸಿಲು. ನಿಜಗುಣಪ್ಪನು ಆ ಕುರ್ಚಿಯ ಮೇಲೆ ಕೂತನು. ತರಗತಿಯ ಗದ್ದಲ, ಪರೀಕ್ಷೆಯ ಗಡಿಬಿಡಿ, ಮನೆಯ ಟಿವಿಯ ಧಾರಾವಾಹಿಗಳ ಆಕ್ರಂದನ, ಎಲ್ಲವೂ ಒಂದೊಂದಾಗಿ ಅವನ ತಲೆಯಿಂದ ಇಳಿದುಹೋದವು. ಕುರ್ಚಿಯ ಕಾಲಿನ ನೆರಳು ನೆಲದ ಮೇಲೆ ಸರಿಯುವುದನ್ನು ಅವನು ಮಧ್ಯಾಹ್ನವೆಲ್ಲ ನೋಡಿದನು. ನೆರಳನ್ನು ಹಾಗೆ ನೋಡಿ ಎಷ್ಟು ವರ್ಷವಾಗಿತ್ತೋ! ಕಣ್ಣು ತುಂಬಿ ಬಂತು. ಅಲ್ಲಿಯೇ ಅವನು ಪ್ರತಿಜ್ಞೆಗೈದನು: "ಬೇಡದ್ದೆಲ್ಲ ಹೊರಗೆ! ಬೇಕಾದದ್ದು ಮಾತ್ರ ಒಳಗೆ! ಹೊದಿಕೆಯೆಂಬುದರ ಹೆಸರೂ ನನ್ನ ಮನೆಯಲ್ಲಿ ಉಳಿಯಕೂಡದು!"

ಅಯ್ಯೋ, ಪ್ರತಿಜ್ಞೆ ಮಾಡುವವರು ಮೊದಲು ತಮ್ಮ ಮನೆಯನ್ನೊಮ್ಮೆ ನೆನೆದುಕೊಳ್ಳಬೇಕು.

ಏಕೆಂದರೆ ಆ ಮನೆಯ ಒಡತಿಯಾದ ಕಸ್ತೂರಿಯು ಸಾಮಾನ್ಯಳಲ್ಲ. ಗಾವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ಕಸೂತಿಯ ನಾಲ್ಕೂ ಹೊಲಿಗೆಗಳ ಅಧೀಶ್ವರಿ ಅವಳು, ಸೂಚ್ಯಗ್ರಧಾರಿಣಿ, ಸರ್ವವಸ್ತುವಸ್ತ್ರಾಚ್ಛಾದಿನಿ. ಅವಳ ಆಳ್ವಿಕೆಯಲ್ಲಿ ಬೆತ್ತಲೆ ವಸ್ತುವಿಗೆ ಜಾಗವಿರಲಿಲ್ಲ. ಸೋಫಾದ ಬೆನ್ನಿಗೆ ನವಿಲು, ತೋಳುಗಳಿಗೆ ಹಂಸ. ಟಿವಿಗೆ ಪರದೆ. ಮಿಕ್ಸರಿಗೆ ಕುಲಾವಿ. ಗ್ಯಾಸ್ ಸಿಲಿಂಡರಿಗೆ ನೆರಿಗೆ ಹಿಡಿದ ಲಂಗ. ಇನ್ನು ಇವೆಲ್ಲಕ್ಕೂ ಚಕ್ರವರ್ತಿಯಂತೆ, ಅಡುಗೆಮನೆಯಲ್ಲಿ ಪ್ಲಗ್ ಇಲ್ಲದ ಕಾರಣ ನಡುಮನೆಯಾದ ಹಾಲಿನ ಮೂಲೆಯಲ್ಲಿ ನಿಂತಿದ್ದ ಫ್ರಿಜ್ಜಿನ ನೆತ್ತಿಯಿಂದ ಇಳಿಬಿದ್ದಿತ್ತು ಒಂದು ಕಡುಗೆಂಪು ಹೊದಿಕೆ. ಅದರ ಅಂಚಿನುದ್ದಕ್ಕೂ ಗೋಪುರ, ಪಲ್ಲಕ್ಕಿ, ಆನೆಗಳ ಸಾಲು, ನಡುವೆಲ್ಲ ನಕ್ಷತ್ರದಂಥ ಚಿಕ್ಕಿಗಳು.

ಕಸ್ತೂರಿಯು ಗದುಗಿನ ತವರಿಗೆ ಹೋಗಿದ್ದ ಸಮಯ ನೋಡಿ ವೀರನು ದಂಡೆತ್ತಿದನು. ಬಾಡಿಗೆಯ ಭಟರಿಬ್ಬರ ನೆರವಿನಿಂದ ಸೋಫಾ, ಟೀಪಾಯಿ, ಶೋಕೇಸುಗಳನ್ನು ಹಿಂದಿನ ಕೋಣೆಗೆ ಅಟ್ಟಿದನು. ಬೊಂಬೆ, ಫಲಕ, ಗಡಿಯಾರಗಳು ಅವುಗಳ ಮೇಲೇರಿದವು. ಹಾಲ್ ಬರಿದಾದಷ್ಟೂ ಹಿಂದಿನ ಕೋಣೆ ತುಂಬಿತು. ಕೊನೆಗೆ ಅದರ ಬಾಗಿಲನ್ನು ಒಳಗಿನ ಸಾಮಾನು ಹೊರಕ್ಕೂ ಹೊರಗಿನ ವೀರನು ಒಳಕ್ಕೂ ಒತ್ತಿ, ಹೆಗಲು ಕೊಟ್ಟು ಚಿಲಕ ಹಾಕಬೇಕಾಯಿತು. ಫ್ರಿಜ್ಜನ್ನು ಬಿಟ್ಟರೆ ಹಾಲಿನಲ್ಲಿ ಉಳಿದದ್ದು ಬೆನ್ನಿಲ್ಲದ, ತೋಳಿಲ್ಲದ ಒಂದು ಉದ್ದನೆಯ ಸಾಗವಾನಿ ಬಾಕು, ಅಂದರೆ ಬೆಂಚು. ಅದರ ಮೇಲೆ ಸೂರಿನಿಂದ ಕರಿ ವಾಯರಿನಲ್ಲಿ ತಲೆಯೆತ್ತರಕ್ಕೆ ಇಳಿಬಿಟ್ಟ ಒಂದು ಬಲ್ಬು.

ಉಡುಪನ್ನೂ ಅವನು ಬಿಡಲಿಲ್ಲ. ಬೂದಿ ಬಣ್ಣದ ಒಂದೇ ಬಗೆಯ ಅಂಗಿಗಳನ್ನು ಹೊಲಿಸಿ ದಿನಕ್ಕೊಂದರಂತೆ ತೊಟ್ಟನು. ಶಾಲೆಯ ಹುಡುಗಿಯರು ನಿತ್ಯವೂ ಮಾಸ್ತರನನ್ನು ಕರುಣೆಯಿಂದ ನೋಡಿ, "ಪಾಪ, ಸರ್ ಅವರ ಕಡೆ ಇನ್ನೂ ನಳದ ನೀರು ಬಂದಿಲ್ಲ ಕಾಣಸ್ತೈತಿ" ಎಂದು ಪಿಸುಗುಟ್ಟಿದರು.

ದಂಡೆತ್ತಿದ ದಿನವೇ ಸಂಜೆ ಮಠಕ್ಕೆ ಹೋಗಿ ಬಂದ ನೀಲವ್ವ ಹೊಸ್ತಿಲಲ್ಲೇ ನಿಂತಳು. ಸೊಂಟಕ್ಕೆ ಕೈಯಿಟ್ಟು ಹಾಲನ್ನು ಆ ತುದಿಯಿಂದ ಈ ತುದಿಗೆ ನೋಡಿದಳು.

"ಯಪ್ಪಾ ನಿಜಗುಣಿ, ನಾ ಇನ್ನ ಅದೀನೋ. ಇಷ್ಟ ಲಗೂನ ಮನಿ ಯಾಕ ಖಾಲಿ ಮಾಡಿದಿ?"

"ಅವ್ವಾ, ಇದು ಸರಳತೆ! ಕಣ್ಣಿಗೆ ತಂಪು!"

"ತಂಪು ಐತಿ ಬಿಡು. ಕುಂದ್ರೂದು ಎಲ್ಲಿ?"

"ಬಾಕ ಐತಲ್ಲ."

"ಅದಕ್ಕ ಬೆನ್ನ ಇಲ್ಲ. ನನಗೂ ಬೆನ್ನ ಇಲ್ಲ. ಇಬ್ಬರೂ ಕೂಡಿ ಹಿಂದಕ್ಕ ಬೀಳಬೇಕೇನು?" ಎಂದ ಆ ವೃದ್ಧಮಾತೆಯು ಗೋಡೆಗೆ ಒರಗಿ ನೆಲದ ಮೇಲೆಯೇ ಕೂತು, ತೂಗುವ ಬಲ್ಬನ್ನು ನೋಡಿದಳು. "ಕೋಳಿ ಸಾಕೋ ಮನಿ ಆದಂಗ ಆಗೇತಿ. ಇನ್ನ ತತ್ತಿ ಇಡೂದೊಂದ ಬಾಕಿ."

ಮರುದಿನ ಕಸ್ತೂರಿ ಗದುಗಿನಿಂದ ಬಂದಳು. ಕೈಚೀಲ ಕೆಳಗಿಡಲು ಟೀಪಾಯಿ ಹುಡುಕಿದಳು, ಇಲ್ಲ. ಕೂರಲು ಸೋಫಾ ಹುಡುಕಿದಳು, ಇಲ್ಲ. ಮುಂದೆ ಹೆಜ್ಜೆಯಿಟ್ಟಾಗ ಬಲ್ಬು ಹಣೆಗೆ ಟಣ್ಣೆಂದು ಬಡಿಯಿತು. ಹಣೆಯುಜ್ಜಿಕೊಳ್ಳುತ್ತ ಅವಳು ಗಂಡನನ್ನು ನೋಡಿದಳು. ಆಗ ನಿಜಗುಣಪ್ಪನು ಬೂದಿಬಣ್ಣದ ಅಂಗಿಯ ತೋಳು ಮಡಚಿ, ಎದೆ ಸೆಟೆಸಿ, ಮೇಘಗಂಭೀರ ಸ್ವರದಲ್ಲಿ ಹೀಗೆಂದನು:

"ಹೇ ಸೂಚೀಧಾರಿಣಿ, ಕೇಳು! ವಸ್ತುವು ತನ್ನ ಸ್ವರೂಪದಿಂದಲೇ ಸುಂದರವು. ಕುರ್ಚಿಗೆ ಕುರ್ಚಿತನವೇ ಆಭರಣ, ದೀಪಕ್ಕೆ ಬೆಳಕೇ ವಸ್ತ್ರ. ನಾನು ಈ ಗೃಹವನ್ನು ಆಡಂಬರದ ಸೆರೆಯಿಂದ ಬಿಡಿಸಿರುವೆನು. ಇದೀಗ ಆ ಫ್ರಿಜ್ಜೊಂದೇ ಉಳಿದಿದೆ. ಅದನ್ನೂ ಬಿಡಿಸುವೆನು!"

ಕಸ್ತೂರಿಯು ಸೆರಗನ್ನು ಸೊಂಟಕ್ಕೆ ಸಿಗಿಸಿದಳು. ಅವಳು ಸಂಸ್ಕೃತಕ್ಕೆ ಹೋಗಲಿಲ್ಲ.

"ಭಾಷಣ ಸಾಲ್ಯಾಗ ಮಾಡ್ರಿ. ಹಾಲ್ ನಿಮಗ ಬಿಟ್ಟೆ, ನೀವ ಆಳ್ರಿ. ಅಡಿಗಿಮನಿ ನಂದು. ಫ್ರಿಜ್ ಅಡಿಗಿಮನೀದು."

"ಅದು ನಿಂತಿದ್ದು ಹಾಲಿನ್ಯಾಗ!"

"ನಿಂತಿದ್ದು ಎಲ್ಲೆರ ಇರಲಿ. ಅದರೊಳಗ ಇರೂದು ಮಸರೋ, ನಿಮ್ಮ ಬಣ್ಣದ ಡಬ್ಬಿಯೋ?"

ಧರ್ಮಸೂಕ್ಷ್ಮವು ಹೀಗೆ ಫ್ರಿಜ್ಜಿನ ಕಾಲಬಳಿ ಬಂದು ನಿಂತಿತು. ನ್ಯಾಯ ಹೇಳಬೇಕಾದ, ನೆಲದ ಮೇಲೆ ಕೂತಿದ್ದ ನೀಲವ್ವ, "ಮೊದಲ ನನಗ ಏಳಾಕ ಕೈ ಕೊಡ್ರಿ" ಎಂದಳು.

ಯುದ್ಧವು ಅಂದಿನಿಂದ ಮೊದಲಾಯಿತು. ಬೆಳಗ್ಗೆ ವೀರನು ಹಾಲಿನ ಪಾಕೀಟು ತರುವ ನೆವದಲ್ಲಿ ಎದ್ದು ಹೊದಿಕೆಯನ್ನು ಕಿತ್ತು ಮಡಚಿಡುವನು. ಅವನು ಸ್ನಾನಕ್ಕೆ ಹೋದೊಡನೆ ವೀರನಾರಿಯು ಅದನ್ನು ಮತ್ತೆ ಹೊದಿಸುವಳು. ಶಾಲೆಯಿಂದ ಬಂದವನು ಚಪ್ಪಲಿ ಕಳೆಯುವ ಮೊದಲೇ ಕೀಳುವನು. ಅವನು ಚಹಾಕ್ಕೆ ಕೈ ನೀಡುವಷ್ಟರಲ್ಲಿ ಇವಳು ಹೊದಿಸುವಳು. ಆ ಶೀತಲಗರ್ಭನಾದ ಫ್ರಿಜ್ಜು ಮಾತ್ರ ಯಾರ ಪಕ್ಷವನ್ನೂ ವಹಿಸದೆ, ಬೆತ್ತಲಾದಾಗಲೂ ಉಟ್ಟಾಗಲೂ ಒಂದೇ ರಾಗದಲ್ಲಿ ಗುಂಯ್‌ಗುಡುತ್ತಿತ್ತು. ಮಾತು ನಿಂತಿತು. ಗಂಡಹೆಂಡಿರ ನಡುವಿನ ಸಮಸ್ತ ವ್ಯವಹಾರವೂ ನೀಲವ್ವನ ಮೂಲಕವೇ ಸಾಗಿತು. "ಅತ್ತಿ, ಊಟಕ್ಕ ಬರ್ರಿ ಅಂತ ಹೇಳ್ರಿ." "ಅವ್ವಾ, ಬಂದೆ ಅಂತ ಹೇಳು." ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದು ಹೀಗೆನ್ನುತ್ತಿದ್ದರು.

ಹೀಗಿರುವಲ್ಲಿ ಬಂತು ಒಂದು ಭಾನುವಾರ. ಗ್ರಹಗಳು ಹೇಗಿದ್ದವೋ, ಹಾಲಿನ ಪಾಕೀಟಿನವನು ತಡಮಾಡಿದನು. ವೀರನೂ ವೀರನಾರಿಯೂ ಏಕಕಾಲಕ್ಕೆ ಫ್ರಿಜ್ಜಿನ ಬಳಿಗೆ ಬಂದರು. ಅವನು ಬಲ ಅಂಚನ್ನು ಹಿಡಿದನು. ಅವಳು ಎಡ ಅಂಚನ್ನು ಹಿಡಿದಳು. ಕಣ್ಣು ಕಣ್ಣು ಕೂಡಿದವು.

"ಬಿಡು!"

"ನೀವು ಬಿಡ್ರಿ!"

ಆಹಾ, ಆಗಿನ ಎಳೆದಾಟವನ್ನು ಹೇಗೆ ಬಣ್ಣಿಸಲಿ! ಗೋಪುರಗಳು ನಡುಗಿದವು. ಪಲ್ಲಕ್ಕಿಗಳು ಓರೆಯಾದವು. ಆನೆಗಳ ಸಾಲು ಉದ್ದುದ್ದ ಎಳೆದುಕೊಂಡು ಕುದುರೆಗಳಾದವು. ಫ್ರಿಜ್ಜು ಒಂದು ಕಾಲೆತ್ತಿ ಕುಣಿಯಿತು. ಒಳಗೆ ಮೊಸರಿನ ಗಡಿಗೆ ಡಿಕ್ಕಿ ಹೊಡೆಯಿತು. ಹಿಂದೆ ಸರಿದ ವೀರನ ನೆತ್ತಿಗೆ ಬಲ್ಬು ಬಡಿದು, ಅವನು ನೋವಿಗೆ ಹೊದಿಕೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡನು. ಆಗ, ನೆಲದ ಮೇಲೆ ಕೂತು ಸಂಗ್ರಾಮವನ್ನು ನೋಡುತ್ತಿದ್ದ ನೀಲವ್ವ "ಸಾಕಲೇ, ಹರಿತೈತಿ!" ಎನ್ನುವಷ್ಟರಲ್ಲಿ, ಚರ್ರ್ ಎಂದು ಅದು ಹರಿಯಿತು.

ನಡುವಿಗೆ ಸರಿಯಾಗಿ.

ಇಬ್ಬರ ಕೈಯಲ್ಲೂ ಅರ್ಧರ್ಧ. ಕಸ್ತೂರಿ ತನ್ನ ಪಾಲಿನ ತುಂಡನ್ನು ಎದೆಗೊತ್ತಿಕೊಂಡು ಹಿಂದಿನ ಕೋಣೆಗೆ ಧಾವಿಸಿದಳು. ಚಿಲಕ ತೆಗೆದಳು. ಬಾಗಿಲು ತೆರೆದದ್ದೇ ಸೋಫಾ ಅಡ್ಡ ಬಂತು, ಒಳಗೆ ಕಾಲಿಡಲೂ ಜಾಗವಿರಲಿಲ್ಲ. ಅಡುಗೆಮನೆಯಲ್ಲಿ ಒಲೆಯ ಮೇಲೆ ಉಪ್ಪಿಟ್ಟಿನ ನೀರು ಕುದಿಯುತ್ತ ಹಬೆ ತುಂಬಿತ್ತು. ಹಾಲಿನ ನಟ್ಟನಡುವೆ ನಿಂತು ಅವಳು ಸುತ್ತ ನೋಡಿದಳು.

"ಹೆಣ್ಮಗಳು ಕುಂತು ಅಳಾಕ ಒಂದ ಮೂಲಿ ಇಟ್ಟಿಲ್ಲಲ್ಲರೀ ಈ ಮನ್ಯಾಗ!"

ಆ ಮಾತು ವೀರನಿಗೆ ಬಲ್ಬಿಗಿಂತ ಜೋರಾಗಿ ಬಡಿಯಿತು. ಅವನು ಕುಸಿದು ಬಾಕಿನ ಮೇಲೆ ಕೂತನು. ಅವಳೂ ಕೂರಲು ಜಾಗ ಹುಡುಕಿದಳು. ಆ ಸಾಮ್ರಾಜ್ಯದಲ್ಲಿ ಆಸನವಿದ್ದದ್ದು ಒಂದೇ. ಆದ್ದರಿಂದ ಪರಮ ವೈರಿಗಳಿಬ್ಬರೂ ಒಂದೇ ಬಾಕಿನ ಮೇಲೆ, ಮುಖ ಆಚೀಚೆ ತಿರುಗಿಸಿಕೊಂಡು, ಭುಜಕ್ಕೆ ಭುಜ ತಾಗದಂತೆ ಕೂತರು.

ಮೊದಲು ಅವಳೇ ಮಾತನಾಡಿದಳು. ಈಗ ದನಿಯಲ್ಲಿ ಬಿಸಿಯಿರಲಿಲ್ಲ.

"ಮಾವನೋರು ದವಾಖಾನ್ಯಾಗ ಇದ್ದಾಗ ಹೊರಗ ಬಾಗಲದಾಗ ಕುಂತು ಹಾಕಿದ್ದಿದು. ಒಳಗ ಯಾರನ್ನೂ ಬಿಡ್ತಿದ್ದಿಲ್ಲ. ನೀವು ಔಷಧಕ್ಕಂತ ಅಡ್ಡಾಡ್ತಿದ್ರಿ. ನಾ ಎಳಿ ಎಣಿಸ್ತಿದ್ದೆ. ಎಳಿ ಎಣಿಸಾಕತ್ತಿದ್ರ ಬ್ಯಾರೆ ಏನೂ ತಲಿಗೆ ಬರೂದಿಲ್ಲರೀ. ತಲಿ ಖಾಲಿ ಆಗತೈತಿ."

ನಿಜಗುಣಪ್ಪನು ನಿಧಾನವಾಗಿ ಅವಳ ಕಡೆ ತಿರುಗಿದನು.

"ನನಗೂ ಹಂಗ ಆಗಿತ್ತು. ಪುಣೇದಾಗ, ಆ ಬಿಳೀ ಕೋಣ್ಯಾಗ. ಅಪ್ಪ ಹೋದಮ್ಯಾಲೆ ತಲಿ ಅಷ್ಟ ಹಗರ ಆಗಿದ್ದು ಅದ ಮೊದಲು."

"ಅದನ್ನ ಬಂದು ಹೇಳಬೇಕಿಲ್ಲೋ? ಕೋಣಿ ಯಾಕ ಖಾಲಿ ಮಾಡಬೇಕು?"

"ಹೇಳಾಕ ಬರಲಿಲ್ಲ."

ಉಪ್ಪಿಟ್ಟಿನ ನೀರು ಉಕ್ಕಿ ಒಲೆಯ ಮೇಲೆ ಚುಂಯ್ ಎಂದಿತು. ನೀಲವ್ವ ಸೆರಗಿನಿಂದ ಮೂಗು ಒರೆಸಿಕೊಂಡು, "ನಿಮ್ಮಪ್ಪ ಇದ್ದಿದ್ರ ಇಬ್ಬರಿಗೂ ಎರಡೆರಡ ಬಿಗೀತಿದ್ದ" ಎಂದಳು.

ಸಂಧಿಯ ಮಾತುಕತೆ ಉಪ್ಪಿಟ್ಟಿನ ಜೊತೆ ನಡೆಯಿತು. ವೃದ್ಧಮಾತೆಯ ಬೆನ್ನಿಗಾಗಿ ಸೋಫಾ ಹಾಲಿಗೆ ಮರಳಬೇಕು. ಆದರೆ ನವಿಲು ಹಂಸಗಳಿಲ್ಲದೆ. ಬಾಕು ಕಿಟಕಿಯ ಕೆಳಗೆ ಇರಬೇಕು. ಅಲ್ಲಿ ಮಾಸ್ತರನು ದಿನಕ್ಕಷ್ಟು ಹೊತ್ತು ಸುಮ್ಮನೆ ಕೂರಬಹುದು, ಯಾರೂ ಅವನನ್ನು ಕೊತ್ತಂಬರಿ ತರಲು ಕಳಿಸಕೂಡದು. ಶೋಕೇಸು ಬರಬೇಕಾಗಿಲ್ಲ. ಸಿಲಿಂಡರಿನ ಲಂಗದ ಬಗ್ಗೆ ವಾದ ನಡೆದು ಲಂಗವು ಉಳಿಯಿತು.

"ಮತ್ತ ಫ್ರಿಜ್?" ಎಂದನು ವೀರನು, ತಟ್ಟೆಯತ್ತ ನೋಡುತ್ತ.

"ಹರದವ್ರ ಹೊಲೀಬೇಕು" ಎಂದಳು ಕಸ್ತೂರಿ.

ಕೇಳಿದಿರಾ, ಕಾಲದ ಮಹಿಮೆಯನ್ನು! ಏಕರೇಖಾವಿಶಾರದನೂ, ಹೊದಿಕೆಗಳ ಕುಲವನ್ನೇ ನಿರ್ಮೂಲ ಮಾಡಲು ಪಣತೊಟ್ಟವನೂ ಆದ ಆ ನಿಜಗುಣಪ್ಪನು ಸೂಜಿಗೆ ದಾರ ಪೋಣಿಸಲು ಕೂತನು. ಕನ್ನಡಕ ಏರಿಸಿದನು, ಇಳಿಸಿದನು. ದಾರದ ತುದಿಯನ್ನು ಬಾಯಲ್ಲಿಟ್ಟು ಮೊನಚು ಮಾಡಿದನು. ಗಂಟು ಹಾಕಹೋದಾಗ ಅವಳು ಕೈ ಹಿಡಿದು ತಡೆದಳು: ಕಸೂತಿಯಲ್ಲಿ ಗಂಟಿಲ್ಲ, ಹಿಂದೆಯೂ ಮುಂದೆಯೂ ಒಂದೇ ತೆರ ಕಾಣಬೇಕು. ಬೇಡದ ಒಂದು ಎಳೆಯೂ ಎಲ್ಲೂ ಇರಕೂಡದು. ಇದನ್ನು ಕೇಳಿ ವೀರನು ಬಟ್ಟೆಯನ್ನು ಮಗುಚಿ ಹಿಂಬದಿಯನ್ನು ನೋಡಿದನು. ಮದುವೆಯಾದಾಗಿನಿಂದ ಅವನು ಅವಳ ಕಸೂತಿಯ ಹಿಂಬದಿಯನ್ನು ನೋಡಿರಲಿಲ್ಲ. ಬೆರಳಿನಿಂದ ಒಂದು ಚಿಕ್ಕಿಯನ್ನು ಮುಟ್ಟಿದನು.

"ಇದಕ್ಕಿಂತ ಕಡಿಮಿ ಗೆರಿಯಾಗ ಇದನ್ನ ತೆಗಿಯಾಕ ನನಗೂ ಆಗೂದಿಲ್ಲ" ಎಂದನು.

ಹೊಗಳಿಕೆಗೆ ಬಗ್ಗುವವಳಲ್ಲ ಕಸ್ತೂರಿ. "ಮಾತ ಸಾಕು, ಎಳಿ ಎಣಿಸ್ರಿ" ಎಂದಳು.

ಅವನು ಎಣಿಸಿದನು. ಸಪ್ತಾಪುರದ ಮೇಲೆ ಸೂರ್ಯನು ನೆತ್ತಿಗೇರಿ ಇಳಿದನು. ಗೋಪುರಗಳನ್ನು ನಡುಗಿಸಿದ, ಆನೆಗಳನ್ನು ಕುದುರೆಗಳಾಗಿಸಿದ, ಪತಿಪತ್ನಿಯರ ಮಾತನ್ನೇ ನುಂಗಿದ ಆ ಘೋರ ಸಂಗ್ರಾಮದ ಸಮಸ್ತ ಫಲವಾಗಿ, ಸಂಜೆಯ ಚಹಾದ ಹೊತ್ತಿಗೆ, ಹರಿದ ಬಟ್ಟೆಯ ಅಂಚಿನಲ್ಲಿ ತೊಗರಿಬೇಳೆಯ ಗಾತ್ರದ ಒಂದು ಚಿಕ್ಕಿ ಮೂಡಿತು. ದಿಗ್ವಿಜಯಿಯಂತೆ ಅದನ್ನು ಎತ್ತಿಹಿಡಿದು ವೀರನು ಹೆಂಡತಿಗೆ ತೋರಿಸಿದನು.

ಕಸ್ತೂರಿ ಬಟ್ಟೆಯನ್ನು ಬೆಳಕಿಗೆ ಹಿಡಿದಳು. ತಿರುಗಿಸಿದಳು. ಮತ್ತೆ ತಿರುಗಿಸಿದಳು.

"ಒಂದ ಎಳಿ ತಪ್ಪೇತಿ" ಎಂದಳು. "ಬಿಚ್ಚರಿ."