ಪಕ್ಕದ ಮೇಜಿನ ಸಾಕ್ಷಿ

ಎಲ್ಲಕ್ಕೂ ಮೂಲ ಎರಡು ಹಲ್ಲು. ಒಂದು ಬಲಗಡೆಯದು, ಇನ್ನೊಂದು ಎಡಗಡೆಯದು. ಎರಡೂ ಮಾತಾಡಿಕೊಂಡವರ ಹಾಗೆ ಒಂದೇ ವಾರ ಮುನಿಸಿಕೊಂಡಿದ್ದವು. "ಎರಡು ಸಲ ಯಾಕೆ ಬರೋದು ಡಾಕ್ಟ್ರೇ, ಇವತ್ತೇ ಎರಡನ್ನೂ ಮುಗಿಸಿಬಿಡಿ" ಎಂದು ಬೆಳಿಗ್ಗೆ ಎಂಟೂವರೆಗೆ ಬಾಯಿ ತೆರೆದು ಕೂತವನು ನಮ್ಮ ಅಲ್ಪವಿರಾಮ. ಹಲ್ಲಿನ ಡಾಕ್ಟರು ಆಚೆಗೆರಡು ಈಚೆಗೆರಡು ಸೂಜಿ ಚುಚ್ಚಿ, ಕೊರೆದು, ತುಂಬಿ, ಕೈ ತೊಳೆದುಕೊಳ್ಳುತ್ತಾ ಹೇಳಿದರು: "ಸಂಜೆ ತನಕ ಈ ಬಾಯಿ ನಿಮ್ಮದಲ್ಲ ಅಂದ್ಕೊಳ್ಳಿ. ಬಿಸಿ ಗೊತ್ತಾಗಲ್ಲ, ತಣ್ಣಗಿರೋದು ಗೊತ್ತಾಗಲ್ಲ, ರುಚಿಯಂತೂ ದೇವರಾಣೆ ಗೊತ್ತಾಗಲ್ಲ."

"ಆಗ್ಲಿ ಬಿಡಿ," ಎಂದ ಅಲ್ಪವಿರಾಮ. "ನನ್ನ ಕೆಲಸಕ್ಕೆ ಕಣ್ಣು ಸಾಕು." ಮಾತು ಹೊರಬಂದದ್ದು ಮಾತ್ರ ಹತ್ತಿ ತುಂಬಿದ ಕೊಳವೆಯೊಳಗಿಂದ ಬಂದ ಹಾಗಿತ್ತು.

ಅವನ ಕೆಲಸಕ್ಕೆ ಕಣ್ಣು ಸಾಕಿತ್ತು ಎನ್ನುವುದು ನಿಜವೇ. ಪತ್ರಿಕೆಯ ಕಚೇರಿಯಲ್ಲಿ ಕರಡು ತಿದ್ದುವವನು. ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆ, ಒಂದು ದೀಪ, ಒಂದು ಕೆಂಪು ಪೆನ್ನು. ಹತ್ತೊಂಬತ್ತು ವರ್ಷ ಹಾಳೆಯ ಮೇಲೆ ಬಾಗಿ ಬಾಗಿ ಬೆನ್ನೇ ಅಲ್ಪವಿರಾಮದ ಚಿಹ್ನೆಯ ಹಾಗಾಗಿ, ಆ ಹೆಸರು ಬಿದ್ದಿತ್ತು. ಮಂತ್ರಿಗಳ ಭಾಷಣ ತಿದ್ದಿದ್ದ, ಮಳೆಯ ವರದಿ ತಿದ್ದಿದ್ದ, ಸತ್ತವರ ಸುದ್ದಿ ತಿದ್ದಿದ್ದ. ತನ್ನದು ಅಂತ ಒಂದೇ ಒಂದು ವಾಕ್ಯ ಮಾತ್ರ ಅಚ್ಚಾಗಿರಲಿಲ್ಲ. ಊರವರ ಮದುವೆಗೆಲ್ಲ ಹಾಡುವ ಕನ್ಯೆಯ ಸಂಕಟ ಹೇಗಿರುತ್ತದೋ ಹಾಗಿತ್ತು ಅವನ ಸಂಕಟ.

ಹತ್ತು ಗಂಟೆಗೆ ಸಂಪಾದಕರಿಂದ ಕರೆ ಬಂತು.

ಪತ್ರಿಕೆಯಲ್ಲಿ 'ಊರೂಟ' ಎಂಬ ಅಂಕಣವಿತ್ತು. ವಾರಕ್ಕೊಂದು ಹೋಟೆಲು, ಹೋಗಿ ಉಂಡು ಬಂದು ಹೇಗಿತ್ತೆಂದು ಬರೆಯುವುದು. ಊರಿನ ಅರ್ಧ ಜನ ಅದನ್ನು ಓದಿಕೊಂಡೇ ಭಾನುವಾರ ಎಲ್ಲಿ ಉಣ್ಣಬೇಕೆಂದು ತೀರ್ಮಾನಿಸುತ್ತಿದ್ದರು. ಅದನ್ನು ಬರೆಯುತ್ತಿದ್ದವರ ಹೊಟ್ಟೆ ಹನ್ನೊಂದು ವರ್ಷ ದುಡಿದು, ಹಿಂದಿನ ದಿನ ಕೈಚೆಲ್ಲಿತ್ತು. ಇನ್ನು ಬದುಕಿರುವ ತನಕ ತಿಳಿಯನ್ನವಷ್ಟೇ ಎಂದಿದ್ದರಂತೆ ವೈದ್ಯರು.

"ನೋಡ್ರೀ," ಎಂದರು ಸಂಪಾದಕರು. "ಹನ್ನೊಂದು ವರ್ಷ ಊರೂಟ ತಿದ್ದಿದೋರು ನೀವು. ಊಟದ ಮಾತು ನಿಮಗಿಂತ ಯಾರಿಗೆ ಗೊತ್ತು? ಚೌಕದ ಹತ್ರ ಇವತ್ತೇ ಹೊಸ ಹೋಟೆಲು ತೆರೀತಿದೆ. ಹೋಗಿ ಉಂಡು ಬನ್ನಿ. ನಿಯಮ ಗೊತ್ತಲ್ಲ? ಒಬ್ಬರೇ ಹೋಗ್ಬೇಕು, ಪತ್ರಿಕೆಯೋರು ಅಂತ ಬಾಯಿ ಬಿಡಬಾರ್ದು, ತಟ್ಟೆಗೆ ಬಿದ್ದದ್ದನ್ನ ಪೂರ್ತಿ ಉಣ್ಬೇಕು. ನಾಲ್ಕು ಗಂಟೆಗೆ ಪುರವಣಿ ಅಚ್ಚಿಗೆ ಹೋಗುತ್ತೆ, ಮೂರಕ್ಕೆ ಬರಹ ಬೇಕು. ಚೆನ್ನಾಗಿದ್ರೆ ಅಂಕಣ ನಿಮ್ದೇ. ಮೇಲೆ ಕಿಟಕಿ ಪಕ್ಕದ ಕುರ್ಚಿ ಕೂಡಾ."

ಕಿಟಕಿ! ಅಲ್ಪವಿರಾಮನ ಬೆನ್ನು ಒಂದಂಗುಲ ನೆಟ್ಟಗಾಯಿತು. ಆಮೇಲೆ ಬಾಯಿಯ ನೆನಪಾಯಿತು.

"ಶಾರ್, ಅದು... ಇವತ್ತು ನನ್ನ..."

"ಆಗಲ್ಲ ಅಂದ್ರೆ ಈಗ್ಲೇ ಹೇಳಿ. ಪದಬಂಧ ಬರೆಯೋರು ಆಗ್ಲಿಂದ ಕಾಯ್ತಿದಾರೆ."

ಬಾಗಿಲ ಸಂದಿಯಲ್ಲಿ ಪದಬಂಧದವರ ಮೂಗು ಕಾಣಿಸುತ್ತಿತ್ತು. ಕೈಚೌಕವನ್ನು ಆಗಲೇ ಕೊರಳಿಗೆ ಕಟ್ಟಿಕೊಂಡಿದ್ದರೋ ಏನೋ, ಅಷ್ಟು ಹಸಿವಿತ್ತು ಆ ಮೂಗಿನಲ್ಲಿ. ಅಲ್ಪವಿರಾಮ ಬಾಯಿ ಮುಚ್ಚಿದ. ಸಂಪಾದಕರು ಅದನ್ನು ವಿನಯ ಎಂದು ತಿಳಿದು ಬೆನ್ನು ತಟ್ಟಿದರು.

ಮೆಟ್ಟಿಲ ಬಳಿ ಪುಟ ಕಟ್ಟುವಾಕೆ ಅಡ್ಡ ಬಂದಳು. ಕಚೇರಿಯ ಎಲ್ಲರ ಗುಟ್ಟೂ ಆಕೆಗೆ ಬೇಕು, ಎಲ್ಲರಿಗೂ ಆಕೆಯ ಉಪಾಯ ಬೇಕು.

"ಏನಣ್ಣ, ಮಾತು ಗಂಜಿ ಗಂಜಿಯಾಗಿದೆ?"

ಅವನು ಪಿಸುದನಿಯಲ್ಲಿ ಎಲ್ಲ ಹೇಳಿದ. ಆಕೆ ನಗು ತಡೆಯಲು ಸೆರಗಿನ ಅರ್ಧ ಬಾಯಿಗೆ ತುರುಕಿಕೊಳ್ಳಬೇಕಾಯಿತು.

"ಅಯ್ಯೋ, ಇಷ್ಟೇನಾ? ನಿನ್ನ ನಾಲಿಗೆ ಇಲ್ದಿದ್ರೆ ಏನಾಯ್ತು, ಪಕ್ಕದ ಮೇಜಲ್ಲಿ ಒಂದಿರುತ್ತೆ ತಾನೇ? ಅವರು ಏನು ತರಿಸ್ತಾರೋ ಅದನ್ನೇ ನೀನೂ ತರಿಸು. ಅವರ ಮುಖ ನೋಡು, ಬರ್ಕೋ. ಉಣ್ಣೋವಾಗ ಮುಖ ಸುಳ್ಳು ಹೇಳಲ್ಲಣ್ಣ. ನಾನು ಮನೇಲಿ 'ಅಡುಗೆ ಹೆಂಗಾಯ್ತು' ಅಂತ ಇವತ್ತಿನ ತನಕ ಕೇಳಿಲ್ಲ. ನಮ್ಮತ್ತೆ ಮುಖ ನೋಡ್ತೀನಿ ಅಷ್ಟೇ."

"ಏನು ಕಾಣುತ್ತೆ?"

"ಅದು ಬೇಡ ಬಿಡು."

ವೀರ ರಣಕ್ಕೆ ಹೊರಟರೆ ಬಿಲ್ಲಿರುತ್ತದೆ, ಬಾಣವಿರುತ್ತದೆ, ಮುಂದೆ ಕೂತ ಸಾರಥಿಯಿರುತ್ತಾನೆ. ಅಲ್ಪವಿರಾಮ ಒಂದು ಕೆಂಪು ಪೆನ್ನಿನೊಂದಿಗೆ ಹೊರಟ.

ಹೊಸ ಹೋಟೆಲಿನಲ್ಲಿ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಹನ್ನೆರಡು ಮೇಜು, ಮೇಜಿಗೊಂದು ಗಾಜಿನ ಲೋಟದಲ್ಲಿ ಒಂದೊಂದು ಹೂವು. ಮಾಲೀಕ ಬಾಗಿಲಲ್ಲೇ ಎರಡೂ ಕೈ ಜೋಡಿಸಿ ನಿಂತಿದ್ದ. ಮಗಳ ಮದುವೆಯ ದಿನವೂ ಮನುಷ್ಯ ಅಷ್ಟು ಬೆವರಿರಲಾರ. ಅಲ್ಪವಿರಾಮ ಒಳಗೆ ಕಾಲಿಡುವಾಗ ಮೂವರು ಗಿರಾಕಿಗಳು ಒಬ್ಬರ ಹಿಂದೊಬ್ಬರು ದಡಬಡ ಹೊರಗೆ ಹೋದರು. ಆಫೀಸಿಗೆ ಹೊತ್ತಾಯಿತೇನೋ ಪಾಪ ಎಂದುಕೊಂಡ.

ಉಳಿದವರು ಒಬ್ಬರೇ, ಗೋಡೆ ಪಕ್ಕದಲ್ಲಿ ದಪ್ಪನೆಯ ಗೃಹಸ್ಥರು. ತುಂಬುಗಲ್ಲ, ಗಂಭೀರ ಹಣೆ, ಮಡಿಲಲ್ಲಿ ದೊಡ್ಡ ಕರ್ಚೀಫು. ಉಣ್ಣುವುದನ್ನು ಬಲ್ಲ ದೇಹ ಎಂದು ಯಾರು ಬೇಕಾದರೂ ಪ್ರಮಾಣ ಮಾಡಿ ಹೇಳಬಹುದಿತ್ತು. ಅಲ್ಪವಿರಾಮ ಅವರ ಪಕ್ಕದ ಮೇಜನ್ನೇ ಹಿಡಿದ.

"ಅವರಿಗೆ ಏನು ಕೊಟ್ಟಿದ್ದೀರೋ ನನಗೂ ಅದೇ."

"ಖಂಡಿತಾ ಸಾರ್!" ಎಂದು ಮಾಲೀಕ ಓಡಿ ಬಂದ. "ಸೂಪು, ಆಮೇಲೆ ಮಸಾಲೆ ತುಂಬಿದ ದಪ್ಪ ಮೆಣಸಿನಕಾಯಿ, ಅನ್ನ, ಕೊನೆಗೆ ಹಾಲಿನ ಪುಡಿಂಗು. ನಮ್ಮ ಅಡುಗೆಯವನು ಮೊದಲು ಔಷಧಿ ಅಂಗಡೀಲಿ ಪುಡಿ ಅರೆದು ಪೊಟ್ಟಣ ಕಟ್ಟುತ್ತಿದ್ದ ಸಾರ್. ರುಚಿ ನೋಡೋದಿಲ್ಲ, ತೂಗ್ತಾನೆ! ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿಯಿಲ್ಲ."

ಸೂಪು ಬಂತು. ಅಲ್ಪವಿರಾಮ ಒಂದು ಚಮಚ ಬಾಯಿಗಿಟ್ಟ. ಏನೋ ಒಳಗೆ ಹೋಯಿತು ಎಂಬುದು ಚಮಚ ಖಾಲಿಯಾದದ್ದರಿಂದ ತಿಳಿಯಿತು. ತಲೆಯೆತ್ತಿದರೆ ಮಾಲೀಕ ಉಸಿರು ಬಿಗಿಹಿಡಿದು ನಿಂತಿದ್ದಾನೆ. ಆ ಕಣ್ಣುಗಳನ್ನು ನೋಡಿ ಸುಮ್ಮನಿರಲಾಗದೆ ಅಲ್ಪವಿರಾಮ ಹುಬ್ಬೆತ್ತಿದ, ಕಣ್ಣು ಮುಚ್ಚಿದ, ಮೆಲ್ಲಗೆ ತಲೆದೂಗಿದ.

ಕಣ್ಣು ತೆರೆದಾಗ ಕಂಡದ್ದೇನು! ಪಕ್ಕದ ಗೃಹಸ್ಥರೂ ಹುಬ್ಬೆತ್ತಿ, ಕಣ್ಣು ಮುಚ್ಚಿ, ತಲೆದೂಗುತ್ತಿದ್ದಾರೆ!

'ಸೂಪು ಅದ್ಭುತ' ಎಂದು ಬರೆದುಕೊಂಡ.

ಮೆಣಸಿನಕಾಯಿ ಬಂತು. ತುಂಡೊಂದು ಗಂಟಲಿಗಿಳಿಯುವಾಗ ಅದರ ಖಾರ ದಾರಿ ತಪ್ಪಿ ಮೂಗಿಗೇರಿತು. ಅಲ್ಪವಿರಾಮನ ಎರಡೂ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಓರೆಗಣ್ಣಿನಿಂದ ಪಕ್ಕಕ್ಕೆ ನೋಡಿದ. ಗೃಹಸ್ಥರು ಅವನನ್ನೇ ಒಂದು ಕ್ಷಣ ದಿಟ್ಟಿಸಿ, ಕರ್ಚೀಫು ತೆಗೆದು ತಮ್ಮ ಕಣ್ಣು ಒರೆಸಿಕೊಂಡರು, ಮೂಗು ಒರೆಸಿಕೊಂಡರು, ಬಿಕ್ಕಿದ ಹಾಗೆ ಒಂದು ಉಸಿರೆಳೆದರು. ಅಬ್ಬಾ! ಮೆಣಸಿನಕಾಯಿಗೆ ಅಳುವ ಮನುಷ್ಯ! ಇಂಥ ಸಾಕ್ಷಿ ಯಾರಿಗೆ ಸಿಕ್ಕೀತು? ಅಲ್ಪವಿರಾಮನ ಪೆನ್ನು ಹಾಳೆಯ ಮೇಲೆ ಓಡತೊಡಗಿತು.

ಪುಡಿಂಗಿನ ಹೊತ್ತಿಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಪುಳಕಗೊಳ್ಳುತ್ತಿದ್ದರು. ಇವನು "ಆಹಾ" ಎಂದರೆ ಅವರು "ಓಹೋ" ಎನ್ನುವರು. ಹಿನ್ನೆಲೆಯ ಹಾಡುಗಾರನಂತೆ ಮಾಲೀಕ ಮಧ್ಯೆ ನಿಂತು "ಹೌದಾ ಸಾರ್? ಹೌದಾ ಸಾರ್?" ಎನ್ನುವನು. ಕೊನೆಗೆ ಅವನು ಅಡುಗೆಮನೆಯತ್ತ ಓಡಿ ಕೂಗಿದ್ದು ಹೊರಗೂ ಕೇಳಿಸಿತು: "ಗಿರಾಕಿಗಳು ಅಳ್ತಿದಾರೆ ಕಣೋ! ಅಳತೆ ಒಂಚೂರೂ ಬದಲಾಯಿಸ್ಬೇಡ! ರಾತ್ರಿಗೂ ಇದೇ!"

ಮೂರಕ್ಕೆ ಹತ್ತು ನಿಮಿಷವಿರುವಾಗ ಅಲ್ಪವಿರಾಮ ಬರಹ ಒಪ್ಪಿಸಿದ. ಹತ್ತೊಂಬತ್ತು ವರ್ಷ ಕಟ್ಟಿ ನಿಂತ ನೀರು ಒಡೆದಿತ್ತು. ಸೂಪು ಮುಂಜಾವಾಗಿತ್ತು, ಮೆಣಸಿನಕಾಯಿ ಮಧ್ಯಾಹ್ನವಾಗಿತ್ತು, ಪುಡಿಂಗು ಹುಣ್ಣಿಮೆಯಾಗಿತ್ತು. ಸಂಪಾದಕರು ನಿಂತುಕೊಂಡೇ ಓದಿದರು, ಕೂತುಕೊಂಡು ಮತ್ತೆ ಓದಿದರು, ಜೊಲ್ಲು ನುಂಗಿದರು.

"ಎಲ್ಲಿದ್ರಿ ಮಾರಾಯ್ರೇ ಇಷ್ಟು ವರ್ಷ?"

"ಕೆಳಗಡೆ ಶಾರ್."

"ಅಂಕಣ ನಿಮ್ದು, ಕುರ್ಚಿ ನಿಮ್ದು! ಇವತ್ತು ಏಳು ಗಂಟೆಗೆ ಕಚೇರಿಯೋರೆಲ್ಲ ಅಲ್ಲೇ ಊಟ. ಮನೆಯೋರನ್ನೂ ಕರ್ಕೊಂಡು ಬನ್ನಿ!"

ನಾಲ್ಕಕ್ಕೆ ಯಂತ್ರ ಗುಡುಗಿತು. ಬಿಸಿ ಬಿಸಿ ಪುರವಣಿಯಲ್ಲಿ ತನ್ನ ವಾಕ್ಯಗಳನ್ನು ಕಂಡು ಅಲ್ಪವಿರಾಮ ನಾಲ್ಕು ಸಲ ಮುಟ್ಟಿ ನೋಡಿದ. ಬೆರಳಿಗೆ ಮಸಿ ಅಂಟಿತು, ಒರೆಸಿಕೊಳ್ಳಲು ಮನಸ್ಸಾಗಲಿಲ್ಲ. ಐದೂವರೆಗೆ ತುಟಿ ಜುಮುಜುಮು ಎಂದಿತು. ಆರೂವರೆಗೆ ನಾಲಿಗೆ ಮರಳಿ ಬಂತು. ಎಲ್ಲ ಕೂಡಿ ಬಂದಿತ್ತು.

ಏಳಕ್ಕೆ ಹೋಟೆಲಿನ ಆರು ಮೇಜು ಜೋಡಿಸಿ ಕೂತರು. ಸಂಪಾದಕರು, ಪುಟ ಕಟ್ಟುವಾಕೆ ಮತ್ತು ಆಕೆಯ ಅತ್ತೆ, ಪದಬಂಧದವರು, ಕಚೇರಿಯ ಉಳಿದವರು, ರೇಷ್ಮೆ ಸೀರೆಯುಟ್ಟು ಬಂದ ಅಲ್ಪವಿರಾಮನ ಹೆಂಡತಿ. ಮಾಲೀಕ ಇವನನ್ನು ಕಂಡು ಅರ್ಧ ಅತ್ತೇಬಿಟ್ಟ: "ಮಧ್ಯಾಹ್ನ ಬಂದಿದ್ದ ಸಾರ್! ಮತ್ತೆ ಬಂದ್ರಾ! ಅದೇ ಅಳತೆ ಸಾರ್, ಅದೇ ಅಳತೆ!"

ಸೂಪು ಬಂತು. ಹದಿನಾಲ್ಕು ಚಮಚ ಒಟ್ಟಿಗೆ ಮೇಲೆದ್ದವು, ಒಟ್ಟಿಗೆ ನಿಂತವು.

ಸಕ್ಕರೆ! ತರಕಾರಿ ಸೂಪು ಪಾನಕದ ಹಾಗೆ ಸಿಹಿಯಾಗಿತ್ತು. ಸಂಪಾದಕರ ಮುಖ ಇಂಗು ತಿಂದ ಮಂಗನದಾಯಿತು. ಪುಟ ಕಟ್ಟುವಾಕೆ ಅಭ್ಯಾಸಬಲದಿಂದ ಅತ್ತೆಯ ಮುಖ ನೋಡಿದಳು. ಮೊದಲ ಸಲ ಆ ಮುಖ ಬೇರೊಬ್ಬರ ಅಡುಗೆಗೆ ಸುಕ್ಕಾಗಿದ್ದು ಕಂಡು ಆಕೆಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಪದಬಂಧದವರು ಆಗಲೇ ತಂದಿಟ್ಟಿದ್ದ ಪುಡಿಂಗಿಗೆ ಅವಸರದಲ್ಲಿ ಕೈ ಹಾಕಿ, "ಅಮ್ಮಾ, ಉಪ್ಪು!" ಎಂದು ನೀರಿಗೆ ಹಾತೊರೆದರು.

ಎಲ್ಲರ ಕಣ್ಣೂ ಅಲ್ಪವಿರಾಮನ ಮೇಲೆ. ಅವನ ನಾಲಿಗೆಗೂ ಈಗ ಎಲ್ಲ ತಿಳಿಯುತ್ತಿತ್ತು. ಬೆನ್ನು ಮೊದಲಿನ ಬಾಗಿಗೆ ಮರಳಿತು.

"ಸಾರ್, ನನ್ನ ಬಾಯಿ ಮರಗಟ್ಟಿತ್ತು. ಹಲ್ಲು... ಸೂಜಿ... ಆದ್ರೆ ಪಕ್ಕದಲ್ಲಿ ಒಬ್ಬರು ಅಳ್ತಾ ಉಣ್ತಿದ್ರು, ನನ್ನಾಣೆ! ಅವರ ಮುಖ ನೋಡಿ ಬರೆದೆ!"

"ಯಾರ್ರೀ ಅವರು?"

ಬಾಗಿಲು ತೆರೆಯಿತು. ದಪ್ಪನೆಯ ಗೃಹಸ್ಥರು ಒಳಗೆ ಬಂದರು. ಹಿಂದೆ ಹೆಂಡತಿ, ಅವರ ಹಿಂದೆ ಅತ್ತೆ. "ಅಷ್ಟು ಹೊಗಳಿದ್ದೀರಲ್ಲ, ನಮ್ಮನ್ನೂ ಕರ್ಕೊಂಡು ಹೋಗಿ" ಎಂದು ಎಳೆದು ತಂದವರ ನಡಿಗೆ ಅದು.

"ಇವರೇ ಸಾರ್! ಇವರೇ!" ಅಲ್ಪವಿರಾಮ ಕುರ್ಚಿಯಿಂದ ಹಾರಿದ. "ಸ್ವಾಮೀ, ಮಧ್ಯಾಹ್ನ ಊಟ ಚೆನ್ನಾಗಿತ್ತು ತಾನೇ? ಹೇಳಿ ಸ್ವಾಮೀ!"

ಗೃಹಸ್ಥರು ಅವನನ್ನು ಕಂಡವರೇ ಮುಖವರಳಿಸಿ ಎರಡೂ ಕೈ ಹಿಡಿದುಕೊಂಡರು. ಕಂಕುಳಿಂದ ಸಂಜೆ ಪತ್ರಿಕೆ ತೆಗೆದು ಸಂಪಾದಕರ ಮುಂದೆ ಹಾಸಿದರು. ಪ್ರತಿಸ್ಪರ್ಧಿಯಾದ ಆ ಪತ್ರಿಕೆಯಲ್ಲಿ ಊಟದ ಅಂಕಣ ಬರೆಯುವವರು ಅವರೇ. ಸಂಪಾದಕರು ಗಟ್ಟಿಯಾಗಿ ಓದಿದರು:

"'ಓದುಗರಲ್ಲಿ ಮುಚ್ಚುಮರೆ ಇಲ್ಲ. ನಾಲ್ಕು ದಿನದ ನೆಗಡಿಯಿಂದ ನನಗೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಆದರೆ ಪಕ್ಕದ ಮೇಜಿನಲ್ಲಿ ಬಾಗಿದ ಬೆನ್ನಿನ ಒಬ್ಬ ಮಹನೀಯರು ಕಣ್ಣೀರು ಸುರಿಸುತ್ತಾ ಉಂಡರು. ಅಂಥ ಪ್ರಾಮಾಣಿಕ ಮುಖವನ್ನು ನಾನು ಕಂಡಿಲ್ಲ. ಆ ಮುಖದ ಮೇಲೆ ಭರವಸೆಯಿಟ್ಟು ಬರೆಯುತ್ತಿದ್ದೇನೆ.'"

ಮೊದಲು ಬಾಯಿ ತೆರೆದವಳು ಅಲ್ಪವಿರಾಮನ ಹೆಂಡತಿ. "ಹತ್ತೊಂಬತ್ತು ವರ್ಷ ಬಡಿಸಿದ್ದೀನಿ. ನನ್ನ ಅಡುಗೆಗೆ ಒಂದು ಹನಿ ಕಣ್ಣೀರು ಹಾಕಿಲ್ವಲ್ಲ ನೀವು!"

ಅಷ್ಟರಲ್ಲಿ ಪದಬಂಧದವರು ಅಡುಗೆಮನೆಗೆ ನುಗ್ಗಿ ಎರಡು ಡಬ್ಬಿ ಎತ್ತಿಕೊಂಡು ಬಂದರು. ಒಂದೇ ಎತ್ತರ, ಒಂದೇ ಬಣ್ಣ, ಎರಡರ ಮುಚ್ಚಳವೂ ಬದಲಾಗಿತ್ತು. ಉಪ್ಪಿನ ಮುಚ್ಚಳದ ಕೆಳಗೆ ಸಕ್ಕರೆ, ಸಕ್ಕರೆಯ ಮುಚ್ಚಳದ ಕೆಳಗೆ ಉಪ್ಪು. ತೂಕದಲ್ಲಿ ಮಾತ್ರ ತಪ್ಪಿರಲಿಲ್ಲ. "ಅರ್ಧ ಗಂಟೆ ಕೊಡಿ, ಕೈಮುಗೀತೀನಿ!" ಎಂದು ಮಾಲೀಕ ಒಳಗೆ ಓಡಿದ.

ಸಂಪಾದಕರು ಕನ್ನಡಕ ಒರೆಸಿ ಗೃಹಸ್ಥರತ್ತ ತಿರುಗಿದರು. "ಇವರಿಗೂ ರುಚಿ ತಿಳೀಲಿಲ್ಲ, ನಿಮಗೂ ತಿಳೀಲಿಲ್ಲ. ಆದ್ರೆ ನೀವು ಹಾಗಂತ ಬರೆದ್ರಿ. ನಮ್ಮಲ್ಲಿಗೆ ಬಂದುಬಿಡಿ ಸ್ವಾಮೀ. ಅಂಕಣ ಖಾಲಿ ಇದೆ. ಕಿಟಕಿ ಪಕ್ಕದ ಕುರ್ಚಿ ಕೊಡ್ತೀವಿ. ಮುಂದಿನ ವಾರಕ್ಕೆ ಮತ್ತೆ ಈ ಹೋಟೆಲನ್ನೇ ಬರೀರಿ." ಗೃಹಸ್ಥರು ನಾಚಿಕೊಂಡು ಒಪ್ಪಿದರು. "ಕರಡು ಇವರೇ ನೋಡ್ತಾರೆ," ಎಂದು ಸಂಪಾದಕರು ಅಲ್ಪವಿರಾಮನನ್ನು ತೋರಿಸಿದರು.

ಅರ್ಧ ಗಂಟೆಗೆ ಹೊಸ ಅಡುಗೆ ಬಂತು. ನಿಜಕ್ಕೂ ಚೆನ್ನಾಗಿತ್ತು. ಎಲ್ಲರೂ ಚಪ್ಪರಿಸುತ್ತಿರುವಾಗ ಮಾಲೀಕ ಒಂದು ತಟ್ಟೆಯನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು ಅಲ್ಪವಿರಾಮನ ಮುಂದಿಟ್ಟ. ಇವನು ಹಲ್ಲಿನ ಕತೆ ಹೇಳುವಾಗ ಆತ ಒಲೆಯ ಮುಂದಿದ್ದ, ಪಾಪ.

"ನಿಮಗೆ ಮಾತ್ರ ಹಳೇ ಅಳತೇದೇ ಎತ್ತಿಟ್ಟಿದ್ದೆ ಸಾರ್. ಅತ್ತು ಉಂಡೋರಲ್ವಾ ನೀವು!"

ಅಲ್ಪವಿರಾಮ ದೀನನಾಗಿ ಸಂಪಾದಕರತ್ತ ನೋಡಿದ. ಅವರು ಪಿಸುಗುಟ್ಟಿದರು: "ಪುರವಣಿ ಅಚ್ಚಾಗಿ ಕೂತಿದೆ ಕಣ್ರೀ. ಪೂರ್ತಿ ಉಣ್ಣೋದು ಅಂಕಣದ ನಿಯಮ. ಮುಖ ನೆಟ್ಟಗಿಟ್ಕೊಂಡು ತಿನ್ನಿ."

ಅವನು ಚಮಚ ಎತ್ತಿದ. ಹುಬ್ಬೆತ್ತಿದ, ಕಣ್ಣು ಮುಚ್ಚಿದ, ಮೆಲ್ಲಗೆ ತಲೆದೂಗಿದ. ಎರಡು ಹನಿ ಕೆನ್ನೆಗಿಳಿದವು. ಈ ಸಲ ಖಾರದವಲ್ಲ, ಅವನ ಸ್ವಂತದವು.

ಪಕ್ಕದ ಮೇಜಿನಲ್ಲಿ ಗೃಹಸ್ಥರು ಮೂಗೊರೆಸಿಕೊಂಡು, ಆ ಮುಖವನ್ನು ಕಣ್ತುಂಬ ನೋಡಿ, ಮುಂದಿನ ವಾರದ್ದನ್ನು ಬರೆಯತೊಡಗಿದರು.