ಹಿತ್ತಲಿನ ರೋಮನ್ ಕಂಬ

ಲಂಡನ್ನಿನ ಸಟನ್ ಬಡಾವಣೆಯ ಶೇಖರಪ್ಪನ ಹಿತ್ತಲಲ್ಲಿ ಅಡುಗೆಮನೆ ದೊಡ್ಡದು ಮಾಡಲು ಬಿಲ್ಡರ್ ಅಗೆಯುತ್ತಿದ್ದಾಗ ಗುದ್ದಲಿ ಠಣ್ ಅಂದಿತು. ಮಣ್ಣು ಸರಿಸಿದರೆ, ಗೆರೆಗೆರೆಯಾಗಿ ಕೆತ್ತಿದ ಕಂಬದ ತುಂಡು. ರೋಮನ್ನರದೇ ಎಂದು ಶೇಖರಪ್ಪ ತಲೆಮೇಲೆ ಕೈಹೊತ್ತ.

ಲಂಡನ್ನಿನಲ್ಲಿ ಎಲ್ಲಿ ಅಗೆದರೂ ರೋಮನ್ನರು ಸಿಗುತ್ತಾರೆಂದು ಅವನ ನಂಬಿಕೆ. ರಸ್ತೆ, ಸ್ನಾನದ ಮನೆ, ಕಚೇರಿ ಎಲ್ಲ ಕಟ್ಟಿದ ಪುಣ್ಯಾತ್ಮರು ಹೋಗುವಾಗ ತಮ್ಮ ಸಾಮಾನು ತಾವು ಒಯ್ಯಬಾರದಿತ್ತೇ? ಈಗ ಒಂದು ಹಂಚು ಸಿಕ್ಕರೂ ಪುರಾತತ್ವದವರು ಬ್ರಶ್ ಹಿಡಿದು ಬಂದು ಕೂರುತ್ತಾರೆ, ಕೆಲಸ ನಿಲ್ಲುತ್ತದೆ. ಹೆಂಡತಿ ಗುರುದೇವಿ ಈ ದೇಶಕ್ಕೆ ಬಂದಾಗಿನಿಂದ ಗೂಡಿನಂಥ ಅಡುಗೆಮನೆಯಲ್ಲಿ ರೊಟ್ಟಿ ಬಡಿದು ಸಾಕಾಗಿದ್ದಳು. ಈ ಸಲ ತಪ್ಪಿದರೆ ನೀವೇ ಬಡಿಯಿರಿ ಎಂದು ಹೇಳಿಯೇ ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದಳು.

ಬಿಲ್ಡರನನ್ನು ಚಹಾಕ್ಕೆ ಕಳಿಸಿ ತಲೆಯೆತ್ತಿದರೆ, ಬೇಲಿಯ ಮೇಲೆ ಪಕ್ಕದ ಮನೆಯ ಕಲ್ಲಯ್ಯನ ಮುಖ. ಊರಲ್ಲಿ ಪೂಜೆ ಮಾಡುವ ಅಯ್ಯನೋರ ಮನೆತನ. ಇಲ್ಲಿ ರಿಟೈರಾದ ಮೇಲೆ ಮ್ಯೂಸಿಯಮ್ಮಿನಲ್ಲಿ ಪುಕ್ಕಟೆ ಗೈಡ್. ಯಾರು ಸಿಕ್ಕರೂ ರೋಮನ್ನರ ಗವರ್ನರು, ತೆರಿಗೆ, ನೆಲದಡಿ ಬೆಂಕಿ ಹಾಕಿ ಸ್ನಾನದ ಮನೆ ಬೆಚ್ಚಗಿಡುತ್ತಿದ್ದ ಗುಲಾಮರು ಎಂದು ಶುರು ಹಚ್ಚುವ ಮನುಷ್ಯ ಇವತ್ತು ತುಟಿ ಬಿಚ್ಚಲಿಲ್ಲ. ನಕ್ಕು ಒಳಗೆ ಹೋಗಿ ಫೋನ್ ಹಚ್ಚಿದ. ಕಂಬ ರೋಮನ್ನರದೇ, ಇವನು ಸುದ್ದಿ ಮುಟ್ಟಿಸುತ್ತಿದ್ದಾನೆ ಎಂದು ಶೇಖರಪ್ಪನಿಗೆ ಖಾತ್ರಿಯಾಯಿತು.

ಕಂಬ ಎತ್ತಲು ನೋಡಿದ, ಮಿಸುಕಲಿಲ್ಲ. ಮಣ್ಣು ಮುಚ್ಚಲು ಹೋದರೆ ಕಲ್ಲಯ್ಯನ ಕಿಟಕಿಯ ಪರದೆ ಸರಿಯಿತು. ಅಷ್ಟರಲ್ಲಿ ಬೀದಿಯಲ್ಲಿ ಕಾರು ನಿಂತು, ಕೊರಳಲ್ಲಿ ಮ್ಯೂಸಿಯಮ್ಮಿನ ಕಾರ್ಡು ತೂಗಿಸಿಕೊಂಡ ಇಂಗ್ಲಿಷ್ ಹೆಂಗಸೊಬ್ಬಳು ಇಳಿದಳು. ಶೇಖರಪ್ಪ ಒಳಗೋಡಿ ದೇವರ ಜಗಲಿಯ ಮೇಲಿನದನ್ನೆಲ್ಲ ಬಾಚಿ ತಂದ. ಕಂಬಕ್ಕೆ ವಿಭೂತಿ ಬಳಿದು, ಅರಿಸಿನ ಕುಂಕುಮ ಸುರಿದು, ಊದಿನಕಡ್ಡಿ ಹಚ್ಚಿ ಕೈಮುಗಿದು ನಿಂತ.

ಕಲ್ಲಯ್ಯ ಆಕೆಯನ್ನು ಹಿತ್ತಲಿಗೇ ಕರೆತಂದ. ಇದು ತಾನಾಗಿ ನೆಲದಿಂದ ಎದ್ದ ನಮ್ಮ ದೇವರು, ಮುಟ್ಟುವಂತಿಲ್ಲ ಎಂದು ಶೇಖರಪ್ಪ ಇಂಗ್ಲಿಷಿನಲ್ಲಿ ಗದ್ಗದಿತನಾದ. ಆಕೆ ಪಾಪ, ಬೂಟು ಬಿಚ್ಚಿ ದೂರದಿಂದಲೇ ಬಗ್ಗಿ ನೋಡಿದಳು. ರೋಮನ್ ಅಲ್ಲ, ಹೂಕುಂಡ ಇಡಲು ಮಾರುವ ಸಿಮೆಂಟ್ ಕಂಬ, ಧಾರಾಳವಾಗಿ ಅಗೆಯಿರಿ ಎಂದಳು.

"ನಿಮ್ಮ ಕೆಲಸ ನಿಂದರಬಾರದು ಅಂತನ ಇವರನ್ನ ಕರಸೇನಿ," ಎಂದ ಕಲ್ಲಯ್ಯ.

ಶೇಖರಪ್ಪನಿಗೆ ನಾಚಿಕೆಯೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು. ಬಿಲ್ಡರನನ್ನು ಕೂಗಲು ತಿರುಗಿದರೆ, ಡ್ಯೂಟಿ ಮುಗಿಸಿ ಬಂದ ಗುರುದೇವಿ ಬರಿಗಾಲಲ್ಲಿ ಕೈಮುಗಿದು ನಿಂತಿದ್ದಳು.

"ಸಿಮೆಂಟ್ ಅಂತ ನೋಡ," ಎಂದ.

"ಇರಲಿ. ವಿಭೂತಿ ಹಚ್ಚಿ ದೇವರು ಅಂದವರು ನೀವ. ಇದರ ಮ್ಯಾಲೆ ನಾ ಒಲಿ ಹೂಡಂಗಿಲ್ಲ."

ಬಿಲ್ಡರ್ ಸಾಮಾನು ವ್ಯಾನಿಗೆ ತುಂಬತೊಡಗಿದ. ಗುರುದೇವಿ ಸೆರಗಿಲ್ಲದ ಯೂನಿಫಾರ್ಮಿನಲ್ಲೇ ಕಲ್ಲಯ್ಯನ ಕಾಲಿಗೆ ನಮಸ್ಕರಿಸಿದಳು.

"ಅಯ್ಯಾರ, ದಿನಾ ಮುಂಜಾನೆ ಪೂಜಿಗೆ ನೀವ ಬರಬೇಕ್ರಿ. ಹಿತ್ತಲ ಬಾಗಿಲದ ಕೀಲಿ ನಿಮ್ಮ ಹತ್ರನ ಇರಲಿ."